ಒಂಬತ್ತಡಿ ಕಡಲು

ಸತ್ತ ಮೀನನ್ನು ಜನರೆದುರು ಎತ್ತಬಾರದು ಎಂಬುದು ಆ ಕಣ್ಣಾಸ್ಪತ್ರೆಯ ನಿಯಮ. ಹಾಗಾಗಿ ಮೀನಕ್ಕ ಸ್ಟೂಲಿನ ಮೇಲೆ ಹತ್ತಿ, ಎಡಗೈಯಲ್ಲಿ ಗಾಜು ಒರೆಸುವ ಬಟ್ಟೆಯನ್ನು ಪರದೆಯಂತೆ ಅಡ್ಡ ಹಿಡಿದು, ಬಲಗೈಯನ್ನು ಹೆಗಲ ತನಕ ಉಪ್ಪುನೀರಿಗೆ ಇಳಿಸಿ, ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿದ್ದ ಹಳದಿ ಮೀನನ್ನು ಬೆರಳಲ್ಲೇ ತಡವುತ್ತಿದ್ದಳು. ಕಣ್ಣಿಗೆ ಔಷಧಿ ಹನಿ ಬಿಡಿಸಿಕೊಂಡು ಸಾಲು ಕುರ್ಚಿಗಳಲ್ಲಿ ಕೂತಿದ್ದವರಿಗೆ ಹೇಗೂ ಎಲ್ಲ ಮಸುಕು. ಅವರ ಪಾಲಿಗೆ ಆ ಒಂಬತ್ತಡಿ ಉದ್ದದ ತೊಟ್ಟಿಯೆಂದರೆ ಗೋಡೆಯಲ್ಲೊಂದು ನೀಲಿ ಬೆಳಕು, ಒಳಗೆ ಏನೋ ಸುಳಿಯುವ ಬಣ್ಣ. ಇನ್ನು ಪುಕ್ಕಟೆ ಚೀಟಿಯವರಿಗೆ ಅಷ್ಟೂ ಇಲ್ಲ. ಅವರ ಸಾಲು ಪಕ್ಕದ ಗೇಟಿನ ತಗಡಿನ ಶೆಡ್ಡಿನಲ್ಲಿ. ಕಡಲು ನೋಡುವ ಭಾಗ್ಯ ದುಡ್ಡು ಕಟ್ಟಿದ ಕಣ್ಣುಗಳಿಗೆ ಮಾತ್ರ.

ಕೊಂದವನು ಕಲ್ಲುಗುಡ್ಡೆಯ ಗವಿಯ ಬಾಯಲ್ಲಿ ನಿಂತು ನೋಡುತ್ತಿದ್ದ. ಒಂದು ಗೇಣಿಗಿಂತ ಉದ್ದ, ಬೂದುಗಂದು ಮೈ, ಮುಖದ ಮೇಲೆ ಯಾರೋ ಪೆನ್ನಿನಿಂದ ಗೀಚಿದಂಥ ಎರಡು ನೀಲಿ ಗೆರೆ. ಟ್ರಿಗರ್ ಎಂದು ಅವನ ಜಾತಿಯ ಹೆಸರು. ಒಂದು ಕಣ್ಣನ್ನು ಸತ್ತವನ ಮೇಲೆ, ಇನ್ನೊಂದನ್ನು ಅವಳ ಕೈಯ ಮೇಲೆ ಇಟ್ಟುಕೊಂಡು ಹತ್ತಿರ ಬಂದ. ಆ ಹಲ್ಲು ಏಡಿಯ ಚಿಪ್ಪನ್ನು ಕಡಲೆಯಂತೆ ಒಡೆಯುವ ಹಲ್ಲು. ಅವಳ ಮೊಣಕೈ ಸುತ್ತ ಒಂದು ಸುತ್ತು ಹಾಕಿ, ಬೆರಳ ತುದಿಯನ್ನು ತುಟಿಯಿಂದ ಮುಟ್ಟಿ, ಸುಮ್ಮನೆ ಹಿಂದಿರುಗಿದ. ನನ್ನ ಮಾತು ಕೇಳುವ ಗಂಡಸು ಈ ಊರಲ್ಲಿ ಇವನೊಬ್ಬನೇ ಎಂದು ಮೀನಕ್ಕ ಹೇಳಿಕೊಂಡು ತಿರುಗುತ್ತಿದ್ದುದು ಇದಕ್ಕೇ.

ಸತ್ತದ್ದು ಬಟ್ಟೆಯೊಳಗೆ ಸುತ್ತಿ ಬಕೆಟ್ಟಿಗೆ ಹೋಯಿತು. ಅದರ ಬಾಲವೇ ಇರಲಿಲ್ಲ.

ಬಾಗಿಲ ಬಳಿ ನಿಲ್ಲುವ ಸೆಕ್ಯೂರಿಟಿಯವನು ಬಕೆಟ್ಟನ್ನು ಇಣುಕಿ ನೋಡಿ, ಜಮೀನ್ದಾರ ಮೂರನೇ ಒಕ್ಕಲನ್ನೂ ಎಬ್ಬಿಸಿದ ಅನ್ನಿ, ಎಂದ. ಟ್ರಿಗರಿಗೆ ಆ ಹೆಸರಿಟ್ಟವನೂ ಅವನೇ.

"ಅವನು ಜಮೀನ್ದಾರ ಅಲ್ಲ ಕಣಯ್ಯ, ಬಾಡಿಗೆದಾರ," ಎಂದಳು ಮೀನಕ್ಕ ತೋಳು ಒರೆಸಿಕೊಳ್ಳುತ್ತ. "ಜಮೀನ್ದಾರ ಒಳಗೆ ಏಸಿ ಹಾಕ್ಕೊಂಡು ಕೂತಿದ್ದಾನೆ. ಈಗ ಕರೀತಾನೆ ನೋಡು."

ಕರೆದೇ ಕರೆದ. ಮ್ಯಾನೇಜರು ಒಳ್ಳೆಯ ಮಾತಿನವರು. ಬೈಯುವಾಗಲೂ ಬಹುವಚನ ಬಿಡುತ್ತಿರಲಿಲ್ಲ. ಹೊಸ ಕಟ್ಟಡ ಮುಂದಿನ ಸೋಮವಾರ ತೆರೆಯುತ್ತದೆ, ದೊಡ್ಡ ದೊಡ್ಡವರು ಬರುತ್ತಾರೆ, ಅಷ್ಟು ದೊಡ್ಡ ತೊಟ್ಟಿಯಲ್ಲಿ ಒಂದೇ ಒಂದು ಮುಂಗೋಪದ ಮೀನು ಅತ್ತಿಂದಿತ್ತ ಓಡಾಡುತ್ತಿದ್ದರೆ ನೋಡಿದವರ ಮನಸ್ಸಿಗೆ ಏನನ್ನಿಸುತ್ತದೆ ಎಂದು ಕೇಳಿದರು. ತೊಟ್ಟಿ ನೋಡಿದರೆ ಒಂದು ಸಂಸಾರ ನೋಡಿದ ಹಾಗಿರಬೇಕು. ಸೋಮವಾರದೊಳಗೆ ಅವನ ಜೊತೆ ಬಾಳುವಂಥವನ್ನು ತಂದು ಬಿಡಿ, ಇಲ್ಲವಾದರೆ ಅವನನ್ನು ತೆಗೆದುಬಿಡಿ. ಬಣ್ಣದ ಚಿಕ್ಕ ಮೀನು ಐವತ್ತು ತರಿಸಿದರಾಯಿತು. ತೆಗೆದು ಎಲ್ಲಿಗೆ ಸಾರ್ ಎಂದಳು ಮೀನಕ್ಕ. ಅದು ನಿಮ್ಮ ಕೆಲಸ, ನಾನು ಹೇಳಿಕೊಡಬೇಕೇ ಎಂದರು ಅವರು, ನಗುತ್ತಲೇ.

ಇಂಥ ಹಲ್ಲಿನವನನ್ನು ಯಾವ ಅಂಗಡಿಯೂ ವಾಪಸು ಕೊಳ್ಳುವುದಿಲ್ಲ. ಕಡಲು ಆ ಊರಿಂದ ಎರಡು ದಿನದ ದಾರಿ. ಅದೂ ಅವನು ಹುಟ್ಟಿದ ಕಡಲಲ್ಲ. ತೆಗೆಯುವುದೆಂದರೆ ಬಕೆಟ್ಟು, ಬಕೆಟ್ಟಿನಿಂದ ಚರಂಡಿ. ಮೀನಕ್ಕನಿಗೆ ಗೊತ್ತಿತ್ತು, ಮ್ಯಾನೇಜರಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಬಾಯಿಬಿಟ್ಟು ಹೇಳದಿರುವುದಕ್ಕೇ ಅವರಿಗೆ ಸಂಬಳ.

ತಪ್ಪು ತನ್ನದೇ ಎಂಬುದು ಅವಳನ್ನು ಕೊರೆಯುತ್ತಿತ್ತು. ಹದಿನೇಳು ವರ್ಷದಿಂದ ಈ ಕೆಲಸ. ಜಗಳಗಂಟ ಮೀನಿರುವ ತೊಟ್ಟಿಗೆ ಹೊಸಬರನ್ನು ಬಿಡುವ ಮುಂಚೆ ಒಳಗಿನ ಕಲ್ಲುಗುಡ್ಡೆಯನ್ನೆಲ್ಲ ಕಿತ್ತು ಬೇರೆ ಥರ ಕಟ್ಟಬೇಕು. ಆಗ ಹಳಬನಿಗೆ ಇದು ನನ್ನ ಗವಿ, ಇದು ನನ್ನ ಮೂಲೆ ಎಂಬುದು ಮರೆಯುತ್ತದೆ, ಎಲ್ಲರೂ ಅಂದೇ ಒಕ್ಕಲು ಬಂದವರಾಗುತ್ತಾರೆ. ಕೆಲಸ ಕಲಿಯುವವರಿಗೆ ಇದು ಮೊದಲ ಪಾಠ. ಆದರೆ ಮ್ಯಾನೇಜರು ಹಳದಿ ಮೀನು ಬಿಡುವುದಕ್ಕೆ ಕೊಟ್ಟಿದ್ದು ಒಂದು ಗಂಟೆ. ನೀರು ಕದಡಬಾರದು, ಜನ ಕೂತಿರುತ್ತಾರೆ ಎಂದು ಬೇರೆ ತಾಕೀತು. ಅದೊಂದು ನೆಪ. ನಿಜ ಹೇಳಬೇಕೆಂದರೆ ಅವನ ಗವಿಯನ್ನು ಕೆಡವಲು ಅವಳಿಗೆ ಕೈ ಬಂದಿರಲಿಲ್ಲ. ಅಂಗೈಯಷ್ಟಿದ್ದಾಗಿನಿಂದ ಅವನು ಮಲಗುತ್ತಿದ್ದದ್ದು ಅಲ್ಲೇ. ಇದ್ದದ್ದು ಇದ್ದ ಹಾಗೇ ಇರಲಿ, ಬಂದವರು ಹೊಂದಿಕೊಂಡಾರು ಎಂದುಕೊಂಡಳು. ಬಂದವರಿಗೆ ಹೊಂದಿಕೊಳ್ಳುವುದಕ್ಕೆ ಒಂದು ವಾರವೂ ಸಿಗಲಿಲ್ಲ.

ಅವನು ಆ ತೊಟ್ಟಿಗೆ ಬಂದು ಏಳು ವರ್ಷ. ಅವಳ ತಂಗಿ ಮನೆ ಬಿಟ್ಟು ಹೋಗಿದ್ದೂ ಅದೇ ತಿಂಗಳು. ಆ ಲೆಕ್ಕವನ್ನು ಮೀನಕ್ಕ ಯಾರಿಗೂ ಹೇಳಿರಲಿಲ್ಲ. ಬೆಳಗ್ಗೆ ಹಾಲ್ ತೆರೆಯುವ ಮುಂಚೆ, ಸಿಗಡಿ ಚೂರುಗಳನ್ನು ಒಂದೊಂದೇ ಹಾಕುತ್ತ, ಅವನೊಬ್ಬನಿಗೆ ಹೇಳುತ್ತಿದ್ದಳು.

ಮಂಗಳವಾರ ಅವಳು ಉಪ್ಪಣ್ಣನ ಅಂಗಡಿಗೆ ಹೋದಳು. ಉಪ್ಪುನೀರಿನ ಮೀನು ಮಾರುವ ಆ ಮುದುಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೆಂದು ಅವನ ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ. ಮೀನಕ್ಕನಿಗೆ ಈ ಕೆಲಸ ಕಲಿಸಿದವನು ಅವನೇ. ಅವಳ ತಂಗಿಯೂ ಮದುವೆಗೆ ಮುಂಚೆ ಎರಡು ವರ್ಷ ಅಲ್ಲೇ ನೀರಿಗೆ ಉಪ್ಪು ಬೆರೆಸುತ್ತಿದ್ದಳು. ಅಂಗಡಿಯಲ್ಲಿ ಗಾಳಿಯ ಪಂಪುಗಳು ನೂರು ಜೇನುಗೂಡಿನಂತೆ ಗುಂಯ್ ಎನ್ನುತ್ತಿದ್ದವು. ಗೋಡೆಯುದ್ದಕ್ಕೂ ಉಪ್ಪಿನ ಮೂಟೆ, ನೆಲದ ಮೇಲೆ ತೊಟ್ಟಿಗಳ ಸಾಲು, ಒಂದೊಂದು ತೊಟ್ಟಿಯಲ್ಲಿ ಒಂದೊಂದು ಒಂಟಿ ಜೀವ.

ಹಳದಿ ಮೀನಿನ ಗತಿ ಕೇಳಿ ಉಪ್ಪಣ್ಣ ಕೈಯಲ್ಲಿದ್ದ ಬಲೆಯನ್ನು ಬದಿಗಿಟ್ಟ. ಆಮೇಲೆ, ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುತ್ತಾರಲ್ಲ, ಹಾಗಾಯಿತು ನಿನ್ನ ಕಥೆ, ಎಂದ. ಕಲ್ಲು ಕದಲಿಸಿದೆಯಾ ಎಂದು ಕೇಳಿದ. ಮೀನಕ್ಕ ತಲೆ ತಗ್ಗಿಸಿದಳು. ಅಷ್ಟು ಸಾಕಾಯಿತು ಅವನಿಗೆ.

ಇಬ್ಬರೂ ತೊಟ್ಟಿಯಿಂದ ತೊಟ್ಟಿಗೆ ನಡೆದರು, ಗಂಡು ನೋಡಲು ಹೊರಟ ಹಿರಿಯರ ಹಾಗೆ. ರೆಕ್ಕೆಯ ತುಂಬ ಮುಳ್ಳಿನ ಜಾಲರಿ ಹೊತ್ತ ಕೆಂಪು ಮೀನಿನ ಮುಂದೆ ಮೀನಕ್ಕ ನಿಂತಳು. ಚೆಂದವೇನೋ ಚೆಂದ, ಆದರೆ ಇದು ಮದುವೆ ದಿಬ್ಬಣದ ಹಾಗೆ ಮೆಲ್ಲಗೆ ನಡೆಯುವ ಗಿರಾಕಿ, ನಿನ್ನವನು ಒಂದೇ ದಿನದಲ್ಲಿ ಜಾಲರಿ ಹರಿದು ಕೈಗೆ ಕೊಡುತ್ತಾನೆ ಎಂದ ಉಪ್ಪಣ್ಣ. ಬೆರಳುದ್ದದ ಕಿತ್ತಳೆ ಮೀನುಗಳನ್ನಂತೂ ನೋಡುವುದೇ ಬೇಡ, ಅವು ಜೊತೆಯಲ್ಲ, ಉಪಾಹಾರ. ಅವನ ಜಾತಿಯವನೇ ಇನ್ನೊಬ್ಬ ಟ್ರಿಗರ್ ಇದ್ದ. ತನ್ನವನನ್ನು ಕಂಡರೆ ಖುಷಿಯಾಗಬಹುದೇನೋ ಎಂದು ಮೀನಕ್ಕ ಆಸೆಯಿಂದ ಬಗ್ಗಿದಳು.

"ತನ್ನ ಹಾಗೇ ಇರೋನನ್ನ ಕಂಡ್ರೇನೇ ಮೈಯೆಲ್ಲ ಉರಿಯೋದು," ಎಂದ ಉಪ್ಪಣ್ಣ. "ಬೇರೆ ಥರದವನನ್ನ ಸಹಿಸ್ತಾನೆ. ತನ್ನ ಮುಖ, ತನ್ನ ಬಣ್ಣ, ತನ್ನ ಸಿಟ್ಟು ಇರೋನನ್ನ ಸಹಿಸಲ್ಲ. ನಿಮ್ಮ ಮನೇಲೇ ನೋಡಿಲ್ವಾ?"

ಮೀನಕ್ಕ ಬೇರೆ ತೊಟ್ಟಿಯ ಕಡೆ ತಿರುಗಿದಳು.

ಕೊನೆಗೆ ಎರಡನ್ನು ಆರಿಸಿದರು. ಒಂದು, ತಟ್ಟೆಯಷ್ಟಗಲದ ನೇರಳೆ ಮೀನು. ಬಾಲದ ಬುಡದಲ್ಲಿ ಎರಡೂ ಕಡೆ ಮಡಚುಕತ್ತಿಯಂಥ ಮುಳ್ಳು. ಪಾಚಿ ತಿಂದುಕೊಂಡು ತನ್ನ ಪಾಡಿಗೆ ತಾನಿರುತ್ತದೆ, ಆದರೆ ಮೈಮೇಲೆ ಬಂದರೆ ಬಿಡುವುದಿಲ್ಲ. ಇನ್ನೊಂದು, ಮೊಣಕೈ ದಪ್ಪದ ಹಾವುಮೀನು. ದಿನವಿಡೀ ಬಿಲದಿಂದ ತಲೆ ಮಾತ್ರ ಹೊರಗಿಟ್ಟು ಬಾಯಿ ತೆರೆದು ಮುಚ್ಚುತ್ತ, ಏನೂ ಹೇಳದೆ ಕೂರುವ ಪ್ರಾಣಿ. ಒಂದು ನಡುನೀರಿನದು, ಒಂದು ತಳದ್ದು. ಟ್ರಿಗರಿನ ದಾರಿಗೆ ಎರಡೂ ಅಡ್ಡವಲ್ಲ. ಎರಡೂ ಅವನಿಗೆ ಹೆದರುವಂಥವಲ್ಲ. ಅವನನ್ನು ಹೆದರಿಸಿಯೇ ಬಾಳಬೇಕೆನ್ನುವಂಥವೂ ಅಲ್ಲ. ತಿಂಗಳಿಂದ ಬೇರೆ ನೀರಲ್ಲಿಟ್ಟು ನೋಡಿದ್ದೇನೆ, ರೋಗವಿಲ್ಲ ಎಂದ ಉಪ್ಪಣ್ಣ. ಇಬ್ಬರನ್ನೂ ಒಟ್ಟಿಗೇ ಬಿಡು, ಅವನ ಸಿಟ್ಟು ಎರಡು ಪಾಲಾಗಲಿ. ಅವನನ್ನು ಮಾತ್ರ ಬೇರೆ ತೆಗೆದಿಟ್ಟು ಕೊನೆಗೆ ಬಿಡು. ಹಳೇ ಮೀನು ಯಾವತ್ತೂ ಕೊನೆಗೆ.

"ಮ್ಯಾನೇಜರು ಅವನನ್ನ ಮುಂಗೋಪಿ ಅಂತಾರಣ್ಣ," ಎಂದಳು ಮೀನಕ್ಕ.

ಉಪ್ಪಣ್ಣ ಮೂಟೆಯ ಮೇಲೆ ಕೂತ. ಅವನಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು.

"ಸಮುದ್ರದಲ್ಲಿ ಒಬ್ಬನ ಮೇಲೆ ಒಬ್ಬ ಬಿದ್ರೆ ಸೋತವನು ಓಡಿ ಹೋಗ್ತಾನೆ, ಅಲ್ಲಿಗೆ ಮುಗೀತು. ಇಲ್ಲಿ ಎಲ್ಲಿಗೆ ಓಡ್ಬೇಕು? ಹೋಗಿ ಗಾಜಿಗೆ ಬಡೀತಾನೆ, ತಿರುಗಿ ಅದೇ ಮುಖದ ಎದುರಿಗೇ ಬರ್ತಾನೆ. ಓಡೋಕೆ ಜಾಗ ಇಲ್ಲದ ಕಡೆ ಸಣ್ಣ ಜಗಳ ಅನ್ನೋದೇ ಇಲ್ಲ ಕಣಮ್ಮ. ಸಮುದ್ರಾನ ಒಂಬತ್ತಡಿಗೆ ಕತ್ತರಿಸಿ ಇಟ್ಟವರು ಯಾರೋ, ಮುಂಗೋಪಿ ಅಂತ ಹೆಸರು ಹೊತ್ಕೊಂಡವನು ಇವನು."

ಆಮೇಲೆ ಬೇರೇನೋ ಹೇಳುವವನ ಹಾಗೆ ಬೀಡಿಗೆ ತಡಕಾಡಿ, ಭಾನುವಾರ ನಿನ್ನ ತಂಗಿ ಬರುತ್ತಾಳೆ ಎಂದ. ಅವಳು ಕೆಲಸಕ್ಕಿದ್ದ ಬಟ್ಟೆ ಕಾರ್ಖಾನೆಯವರು ಹಾಸ್ಟೆಲ್ ಮುಚ್ಚುತ್ತಿದ್ದಾರಂತೆ. ಒಂದು ಕೋಣೆಗೆ ಆರು ಜನ ಇಟ್ಟಿದ್ದರು, ಈಗ ಅದೂ ಇಲ್ಲ. ಇಲ್ಲಿ ಕೆಲಸ ಇದೆಯಾ, ಮೇಲಿನ ಕೋಣೆ ಕೊಡುತ್ತೀಯಾ ಎಂದು ಫೋನು ಮಾಡಿದ್ದಳು. ಕೆಲಸ ಇದೆ ಎಂದೆ. ಕೋಣೆ ಬಂದು ನೋಡು ಎಂದೆ.

ಮೇಲಿನ ಕೋಣೆ ಮೀನಕ್ಕನಿಗೆ ಗೊತ್ತಿತ್ತು. ಕಿಟಕಿಯಿಲ್ಲ; ಉಪ್ಪಿನ ಮೂಟೆಗಳ ನಡುವೆ ಒಂದು ಚಾಪೆಯಷ್ಟು ಜಾಗ; ಗೋಡೆಗಳು ವರ್ಷವಿಡೀ ಬೆವರುತ್ತವೆ. ಒಂದೇ ಊರು. ಅವಳ ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆ. ತಂಗಿ ಆ ಕತ್ತಲೆ ಗೂಡಿಗೆ ಬರುತ್ತಿದ್ದಾಳೆ, ಅಕ್ಕನಿಗೆ ಒಂದು ಮಾತು ಹೇಳಿಲ್ಲ.

"ನನಗೆ ಹೇಳ್ಬೇಡ ಅಂದಳಾ?" ಎಂದು ಕೇಳಿದಳು.

"ಹೇಳ್ಬೇಡ ಅನ್ನಲಿಲ್ಲ," ಎಂದ ಉಪ್ಪಣ್ಣ. "ಹೇಳು ಅಂತಲೂ ಅನ್ನಲಿಲ್ಲ."

ಅಂದು ಸಂಜೆಯಿಂದ ಶುಕ್ರವಾರದ ತನಕ ಮೀನಕ್ಕ ಎಷ್ಟು ಸಲ ಫೋನು ಎತ್ತಿ ಇಟ್ಟಳೋ. ಏಳು ವರ್ಷದಲ್ಲಿ ಇಬ್ಬರ ನಡುವೆ ಹೋಗಿ ಬಂದದ್ದು ಹೇಗಿದ್ದೀಯ, ಚೆನ್ನಾಗಿದ್ದೀನಿ ಎಂಬ ನಾಲ್ಕಾರು ಸಂದೇಶ. ಅವನ್ನು ಅವಳು ಅಳಿಸದೆ ಇಟ್ಟುಕೊಂಡಿದ್ದಳು. ಆಗಾಗ ತೆಗೆದು, ಅದರಲ್ಲಿ ಬೇರೇನಾದರೂ ಇದ್ದೀತೇ ಎಂದು ಓದುತ್ತಿದ್ದಳು. ಚೆನ್ನಾಗಿದ್ದೀನಿ ಎಂಬ ಒಂದು ಪದವನ್ನು ಎಷ್ಟು ಸಲ ತಿರುವಿ ಹಾಕಿದರೂ ಅದರಡಿಯಲ್ಲಿ ಇನ್ನೊಂದು ಪದ ಸಿಗುತ್ತಿರಲಿಲ್ಲ.

ತಂಗಿ ಗಂಡನ ಮನೆ ಬಿಟ್ಟು ಬಂದು ಅಕ್ಕನ ಹತ್ತಿರ ಇದ್ದದ್ದು ಹತ್ತೊಂಬತ್ತು ದಿನ. ವಠಾರದಲ್ಲಿ ಅಪ್ಪನ ಕಾಲದ ಒಂದು ಕೋಣೆ. ಕಿಟಕಿಯ ಕೆಳಗೆ ಮೀನಕ್ಕನ ಮಂಚ, ಎಡಗಡೆ ಅವಳ ಬೀರು, ಬಲಗಡೆ ಅವಳ ಮೇಜು. ಬಂದವಳಿಗೆ ಬಾಗಿಲ ಹಿಂದೆ ಚಪ್ಪಲಿ ಬಿಡುವಲ್ಲಿ ಜಾಗ ಮಾಡಿಕೊಟ್ಟಳು. ಯಾರಾದರೂ ಬಾಗಿಲು ತೆರೆದಾಗಲೆಲ್ಲ ತಂಗಿ ಹಾಸಿಗೆ ಮಡಚಬೇಕು. ಒಂದು ಮೊಳೆಗೆ ಯಾರ ಸೀರೆ ಎಂದು ಜಗಳ ಶುರುವಾಯಿತು, ಕಿಟಕಿ ತೆರೆಯುವುದೋ ಮುಚ್ಚುವುದೋ ಎಂದು ಬೆಳೆಯಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಎರಡು ನಾಲಿಗೆ. ಒಂದಕ್ಕಿಂತ ಒಂದು ಹರಿತ. ವಠಾರದವರು ಟೀವಿ ಆರಿಸಿ ಇವರನ್ನು ಕೇಳುತ್ತಿದ್ದರು. ಹತ್ತೊಂಬತ್ತನೇ ದಿನ ಮೀನಕ್ಕ ಒಂದು ಮಾತು ಅಂದಳು. ನೀನು ಬರುವ ಮುಂಚೆ ಈ ಮನೆಯಲ್ಲಿ ಉಸಿರಾಡುವುದಕ್ಕಾದರೂ ಆಗುತ್ತಿತ್ತು, ಎಂದಳು. ತಂಗಿ ಬಟ್ಟೆಯನ್ನು ಚೀಲಕ್ಕೆ ತುಂಬಿಕೊಂಡು ಹೊರಟುಹೋದಳು. ಅವಳು ಜವಾಬು ಕೊಡದೆ ಹೋದದ್ದು ಹುಟ್ಟಿದ ಮೇಲೆ ಅದೇ ಮೊದಲು.

ಆಮೇಲೆ ಮನೆಯಲ್ಲಿ ಉಸಿರಾಡಲು ಬೇಕಾದಷ್ಟು ಜಾಗವಾಯಿತು. ಏಳು ವರ್ಷದಿಂದ ಮೀನಕ್ಕ ಉಸಿರಾಡುತ್ತಿದ್ದಾಳೆ.

ಶುಕ್ರವಾರ ಆಸ್ಪತ್ರೆಗೆ ರಜೆ. ಕುರ್ಚಿಗಳು ಖಾಲಿ, ಹಾಲಿನಲ್ಲಿ ಪಂಪಿನ ಸದ್ದು ಬಿಟ್ಟರೆ ಸದ್ದಿಲ್ಲ. ಮೀನಕ್ಕ ಹೊಸಬರಿಬ್ಬರ ಚೀಲವನ್ನು ಬಕೆಟ್ಟಿಗೆ ಇಳಿಸಿ, ತೊಟ್ಟಿಯಿಂದ ಸಣ್ಣ ಕೊಳವೆ ಎಳೆದು, ಈ ನೀರು ಆ ನೀರಿಗೆ ಹನಿಹನಿಯಾಗಿ ಬೆರೆಯಲು ಬಿಟ್ಟಳು. ಒಂದೂವರೆ ಗಂಟೆಯ ಕೆಲಸ. ಅವಸರ ಮಾಡಿದರೆ ಮೀನಿನ ಮೈ ತಾಳುವುದಿಲ್ಲ. ಅಷ್ಟರಲ್ಲಿ ಕಲ್ಲು ಕೀಳಬೇಕು.

ಮೊದಲ ಕಲ್ಲು ಎತ್ತುತ್ತಿದ್ದಂತೆ ಟ್ರಿಗರ್ ಗವಿಯೊಳಕ್ಕೆ ನುಗ್ಗಿ ಬೆನ್ನಿನ ಮುಳ್ಳನ್ನು ನೆಟ್ಟಗೆ ನಿಲ್ಲಿಸಿಕೊಂಡ. ಆ ಮುಳ್ಳೇ ಅವನ ಬೀಗ. ಒಮ್ಮೆ ನಿಲ್ಲಿಸಿದನೆಂದರೆ ಮೀನು ಹರಿದೀತೇ ಹೊರತು ಹೊರಗೆ ಬರುವುದಿಲ್ಲ. ಮೀನಕ್ಕ ಎಳೆಯಲಿಲ್ಲ. ಗವಿಯ ಕಲ್ಲನ್ನು ಅವನ ಸಮೇತ ನೀರೊಳಗೇ ಎತ್ತಿ, ಮೂಲೆಯಲ್ಲಿ ತೇಲಿಬಿಟ್ಟಿದ್ದ ತೂತಿನ ಬುಟ್ಟಿಗೆ ಇಳಿಸಿದಳು. ಒಳಗಿನಿಂದ ಗೊರ್ ಗೊರ್ ಎಂದು ಸಣ್ಣ ಸದ್ದು. ಹೆದರಿದಾಗ ಅವನು ಮಾಡುವ ಸದ್ದು. ಅವಳು ಬಿರುಕಿನಲ್ಲಿ ಬೆರಳು ತೂರಿಸಿದಳು. ದೊಡ್ಡ ಮುಳ್ಳಿನ ಹಿಂದೆ ಒಂದು ಚಿಕ್ಕ ಮುಳ್ಳಿರುತ್ತದೆ. ಅದನ್ನು ಮೆಲ್ಲಗೆ ಒತ್ತಿದರೆ ದೊಡ್ಡದು ತಾನಾಗಿ ಮಡಚಿಕೊಳ್ಳುತ್ತದೆ. ಅದು ಎಲ್ಲಿದೆಯೆಂದು ಗೊತ್ತಿರಬೇಕು, ಅಷ್ಟೇ. ಕಚ್ಚಿದರೆ ಕಚ್ಚಲಿ ಎಂದು ಒತ್ತಿದಳು. ಮುಳ್ಳು ಮಡಚಿತು. ಅವನು ಕಚ್ಚಲಿಲ್ಲ, ಅವಳ ಅಂಗೈಗೆ ಮೈ ಒರಗಿಸಿ ಒಂದು ಗಳಿಗೆ ಹಾಗೇ ಇದ್ದ. ಅವಳು ಕಲ್ಲನ್ನು ಹೊರಗೆ ತೆಗೆದಳು.

ಎಲ್ಲ ಕಲ್ಲು ನೆಲಕ್ಕೆ ಬಂದ ಮೇಲೆ ತೊಟ್ಟಿ ಬೋಳಾಯಿತು. ಕದಡಿದ ಮರಳು ಇಳಿಯುವ ತನಕ ಅವಳು ಕುರ್ಚಿಯ ಮೇಲೆ ಕೂತಳು. ರೋಗಿಗಳ ಕುರ್ಚಿಯ ಮೇಲೆ ಕೆಲಸದವರು ಕೂರಬಾರದು, ಅಂದು ನೋಡುವವರಿರಲಿಲ್ಲ. ಆಮೇಲೆ ಎಡಗಡೆ ಇದ್ದದ್ದನ್ನು ಬಲಕ್ಕೆ, ಎತ್ತರವಿದ್ದದ್ದನ್ನು ತಗ್ಗಿಗೆ ಇಟ್ಟು ಗುಡ್ಡೆ ಕಟ್ಟಿದಳು. ಒಂದು ಗವಿಯ ಬದಲು ನಾಲ್ಕು, ಪ್ರತಿಯೊಂದಕ್ಕೂ ಎರಡು ಬಾಯಿ, ಹೊಕ್ಕವನಿಗೆ ಹೊರಡಲು ಇನ್ನೊಂದು ದಾರಿ. ಹಾವುಮೀನು ಬಿಟ್ಟ ಕೂಡಲೇ ತನಗೆ ಬೇಕಾದ ಬಿಲ ಹುಡುಕಿಕೊಂಡು ತಲೆ ಹೊರಗಿಟ್ಟಿತು. ನೇರಳೆ ಮೀನು ಗಾಜಿನುದ್ದಕ್ಕೂ ಮೂರು ಸಲ ಹೋಗಿ ಬಂದು ಪಾಚಿ ಕೆರೆಯತೊಡಗಿತು. ಬುಟ್ಟಿಯೊಳಗಿನಿಂದ ಟ್ರಿಗರ್ ಎರಡು ದಿನ ಇದನ್ನೆಲ್ಲ ನೋಡಿದ.

ಭಾನುವಾರ ಬೆಳಗ್ಗೆ ಅವನನ್ನು ಬಿಟ್ಟಳು. ಅವನು ಸೀದಾ ತನ್ನ ಗವಿಯಿದ್ದ ಕಡೆ ಹೋದ. ಅಲ್ಲಿ ಗವಿಯಿರಲಿಲ್ಲ. ನೀರಿನ ನಡುವೆ ನಿಂತು ಒಂದೊಂದೇ ಕಣ್ಣು ಹೊರಳಿಸಿದ. ನೇರಳೆ ಮೀನಿನ ಮೇಲೆ ಒಮ್ಮೆ ಏರಿ ಹೋದ. ಅದು ಬಾಲ ತಿರುಗಿಸಿ ಕತ್ತಿ ತೋರಿಸಿತು. ಇವನು ಅದರ ರೆಕ್ಕೆಯ ತುದಿಯನ್ನು ಉಗುರಿನಷ್ಟು ಹರಿದು ಹಿಂದೆ ಸರಿದ. ಮಧ್ಯಾಹ್ನದ ತನಕ ಮೀನಕ್ಕ ಗಾಜಿನ ಮುಂದೆ ನಿಂತಿದ್ದಳು. ಕೊಲ್ಲಲಿಲ್ಲ. ಅಷ್ಟೇ ಹೇಳಬಹುದಾದದ್ದು. ವರ್ಷವಾದ ಮೇಲೂ ಒಂದು ದಿನ ಏನನ್ನಿಸುತ್ತದೋ ಹೇಳಲಾಗದು ಎಂದು ಉಪ್ಪಣ್ಣ ಎಚ್ಚರಿಸಿದ್ದ. ಸೆಕ್ಯೂರಿಟಿಯವನಿಗೆ ಸಂಜೆ ತನಕ ಕಣ್ಣಿಟ್ಟಿರಲು ಹೇಳಿ, ಏನಾದರೂ ಆದರೆ ಫೋನು ಮಾಡು ಎಂದು, ಅವಳು ಮನೆಗೆ ಹೋದಳು.

ಬಾಗಿಲು ತೆರೆದು ನಿಂತಳು. ಮಂಚ ಕಿಟಕಿಯ ಕೆಳಗಿತ್ತು. ಬೀರು ಎಡಗಡೆ, ಮೇಜು ಬಲಗಡೆ. ಬಾಗಿಲ ಹಿಂದೆ ಚಪ್ಪಲಿ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಮೊದಲು ಹಾಸಿಗೆ, ಆಮೇಲೆ ಮಂಚ. ಮಂಚದ ಕಾಲು ಹೊಸ್ತಿಲಿಗೆ ಸಿಕ್ಕಿ ನೆಲ ಗೀರಿತು. ಮೇಜು, ಪಾತ್ರೆಯ ಬುಟ್ಟಿಗಳು, ಟ್ರಂಕು. ಬೀರು ಒಬ್ಬಳ ಕೈಲಾಗದೆ, ಖಾಲಿ ಮಾಡಿ, ಗೋಣಿಚೀಲದ ಮೇಲೆ ಕೂರಿಸಿ ಎಳೆದಳು. ವಠಾರದ ಉದ್ದನೆಯ ಪಡಸಾಲೆಯಲ್ಲಿ ಅವಳ ಬದುಕೆಲ್ಲ ಸಾಲಾಗಿ ನಿಂತಿತು. ನೋಡಿದರೆ ಇಷ್ಟೇನಾ ಅನ್ನಿಸುವಷ್ಟು. ಪಕ್ಕದ ಮನೆಯಾಕೆ ಕೈಯಲ್ಲಿ ಚಹಾ ಲೋಟ ಹಿಡಿದು ಬಂದು, ಖಾಲಿ ಮಾಡುತ್ತಿದ್ದೀಯಾ, ಒಂದು ಮಾತು ಹೇಳಲೇ ಇಲ್ಲವಲ್ಲ, ಯಾರಿಗಂತೆ ಕೋಣೆ ಎಂದು ಕೇಳಿದಳು. ಹೂಂ, ಸ್ವಲ್ಪ ಖಾಲಿ ಮಾಡುತ್ತಿದ್ದೇನೆ, ಎಂದಳು ಮೀನಕ್ಕ. ಆಕೆಗೆ ಅದು ಅರ್ಥವಾಗದೆ, ಅರ್ಥವಾಗದ್ದನ್ನು ಬಿಟ್ಟುಕೊಡದೆ, ದಾರಿಗೆ ಅಡ್ಡವಾಗಿದ್ದ ಬೀರುವನ್ನು ಗೋಡೆಗೆ ಸರಿಸಲು ಇನ್ನೊಂದು ತುದಿ ಹಿಡಿದಳು.

ಉಪ್ಪಣ್ಣನ ಅಂಗಡಿ ತಲುಪಿದಾಗ ತಂಗಿ ಮೇಲಿನ ಕೋಣೆಯಲ್ಲೇ ಇದ್ದಳು. ಕಿರಿದಾದ ಮೆಟ್ಟಿಲು ಹತ್ತಿ ಮೀನಕ್ಕ ಬಾಗಿಲಲ್ಲಿ ನಿಂತಳು. ಒಂದೇ ಬಲ್ಬಿನ ಬೆಳಕಿನಲ್ಲಿ ತಂಗಿ ಬೆನ್ನು ಮಾಡಿ ನಿಂತು ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡುತ್ತಿದ್ದಳು. ಹೆಗಲಲ್ಲಿ ಒಂದು ಚೀಲ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಏಳು ವರ್ಷ ಅಂದರೆ ಏನೆಂದು ಮೀನಕ್ಕನಿಗೆ ಆ ಬೆನ್ನು ನೋಡಿ ಗೊತ್ತಾಯಿತು.

"ಪುಟ್ಟೀ," ಎಂದಳು.

ತಂಗಿ ತಿರುಗಿದಳು. ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಉಪ್ಪಣ್ಣನ ಹೊಟ್ಟೆಯಲ್ಲಿ ಉಪ್ಪು ಬಿಟ್ಟರೆ ಏನೂ ನಿಲ್ಲಲ್ಲ ಅಂತ ನನಗೆ ಗೊತ್ತಿತ್ತು, ಎಂದಳು.

ಈ ಗೋಡೆ ನೋಡು, ಹೇಗೆ ಬೆವರುತ್ತದೆ, ಇಲ್ಲಿ ಮಲಗಿದರೆ ತಿಂಗಳೊಳಗೆ ಎದೆ ಕಟ್ಟುತ್ತದೆ, ಎಂದಳು ಮೀನಕ್ಕ. ಹಾಸ್ಟೆಲಿನ ಗೋಡೆಯೂ ಬೆವರುತ್ತಿತ್ತು, ಎದೆ ಕಟ್ಟಲಿಲ್ಲ, ಎಂದಳು ತಂಗಿ. ಆರು ಜನರ ನಡುವೆ ಬದುಕಿದವಳಿಗೆ ಆರು ಮೂಟೆ ಏನು ಲೆಕ್ಕ. ಮೂಟೆಗಳು ಮಾತಾದರೂ ಆಡುವುದಿಲ್ಲ. ಆ ಕೊನೆಯ ಮಾತು ಎಲ್ಲಿ ತಗುಲಬೇಕೋ ಅಲ್ಲೇ ತಗುಲಿತು. ಮೀನಕ್ಕನಿಗೆ ಬಾಯಿಗೆ ಬಂದ ಜವಾಬು ಬಂದಷ್ಟೇ ಬೇಗ ಹಿಂದಕ್ಕೆ ಹೋಗಲಿಲ್ಲ. ಹಲ್ಲು ಕಚ್ಚಿ ನುಂಗಬೇಕಾಯಿತು.

"ಮನೆಗೆ ಬಾ," ಎಂದಳು.

"ನಿನ್ನ ಮನೇಲಿ ನನಗೆ ಜಾಗ ಎಲ್ಲಿದೆ ಅಕ್ಕ?"

"ಗೊತ್ತಿಲ್ಲ. ಸಾಮಾನೆಲ್ಲ ಹೊರಗೆ ತೆಗೆದಿಟ್ಟಿದ್ದೀನಿ. ನೀನು ಬಂದು ಹೇಳ್ಬೇಕು."

ತಂಗಿ ಅವಳನ್ನೇ ನೋಡಿದಳು. ಮೊದಲು ಅರ್ಥವಾಗಲಿಲ್ಲ. ಆಮೇಲೆ ತುಟಿಯ ಒಂದು ತುದಿ ಸೊಟ್ಟಗಾಯಿತು. ಎರಡು ವರ್ಷ ಈ ಅಂಗಡಿಯಲ್ಲಿ ಉಪ್ಪು ಬೆರೆಸಿದವಳು ಅವಳು.

"ಕಲ್ಲೆಲ್ಲ ಕಿತ್ತಿದ್ದೀಯಾ," ಎಂದಳು. "ನನ್ನನ್ನೇನು ಮೀನು ಅಂದ್ಕೊಂಡೆಯಾ?"

"ನಿನ್ನನ್ನಲ್ಲ," ಎಂದಳು ಮೀನಕ್ಕ.

ಕೆಳಗೆ ಪಂಪುಗಳು ಗುಂಯ್ ಎನ್ನುತ್ತಿದ್ದವು. ತಂಗಿ ಬಲ್ಬು ಆರಿಸಿ, ಅಕ್ಕನ ಪಕ್ಕದಿಂದ ಮೈ ತಾಗದಂತೆ ಹಾದು, ಮೆಟ್ಟಿಲು ಇಳಿದಳು. ನೋಡಿ ಬರುತ್ತೇನೆ, ನೋಡುವುದಕ್ಕೇನು, ಎಂದು ಉಪ್ಪಣ್ಣನಿಗೆ ಹೇಳಿದಳು. ಕೋಣೆ ನಾಳೆ ತನಕ ಯಾರಿಗೂ ಕೊಡಬೇಡ ಎಂದೂ ಹೇಳಿದಳು.

ಇಪ್ಪತ್ತು ನಿಮಿಷದ ದಾರಿ. ಬೀದಿ ಕಿರಿದಾದಾಗ ತಂಗಿ ಮುಂದಾದಳು, ಅಗಲವಾದಾಗ ಜೊತೆಯಾದಳು. ಒಂದು ತಿರುವಿನಲ್ಲಿ, ಮುಂಚೆ ಇಲ್ಲೊಂದು ಹೊಲಿಗೆ ಅಂಗಡಿ ಇತ್ತಲ್ಲ ಎಂದು ಕೇಳಿದಳು. ಮುಚ್ಚಿತು ಎಂದಳು ಮೀನಕ್ಕ. ಚೀಲ ಕೊಡು, ಹಿಡಿದುಕೊಳ್ಳುತ್ತೇನೆ ಎಂದಳು. ತಂಗಿ ಕೊಡಲಿಲ್ಲ.

ಪಡಸಾಲೆಯ ಸಾಮಾನುಗಳ ನಡುವೆ ವಠಾರದ ಹೆಂಗಸರು ಒಬ್ಬೊಬ್ಬರಾಗಿ ಕೆಲಸ ನೆನಪಾಗಿ ಹೊರಗೆ ಬಂದಿದ್ದರು. ತಂಗಿ ಯಾರ ಮುಖವನ್ನೂ ನೋಡದೆ ಬಾಗಿಲ ತನಕ ಹೋದಳು. ಒಳಗೆ ಬರಿಯ ನೆಲ. ಬೀರು ಇದ್ದ ಕಡೆ, ಮಂಚ ಇದ್ದ ಕಡೆ, ಬಿಸಿಲು ಕಾಣದ ನೆಲದ ಬಣ್ಣವೇ ಬೇರೆ. ಮಂಚದ ಕೆಳಗಿನ ಇಪ್ಪತ್ತು ವರ್ಷದ ಧೂಳನ್ನು ಗುಡಿಸಲು ಮೀನಕ್ಕನಿಗೆ ಸಮಯ ಸಿಕ್ಕಿರಲಿಲ್ಲ. ಅವಳು ನಾಚಿಕೊಂಡಳು. ಸುಮ್ಮನೆ ನಿಲ್ಲಲಾರದೆ ಗೋಡೆಯ ಪಕ್ಕದಲ್ಲಿದ್ದ ಎರಡು ಬರ್ನರಿನ ಒಲೆಯನ್ನು ಎತ್ತಿಕೊಂಡು, ಇದನ್ನಾದರೂ ಮೊದಲು ಒಳಗಿಡುತ್ತೇನೆ, ಚಹಾಕ್ಕೆ ಬೇಕಲ್ಲ, ಎನ್ನುತ್ತ ಹೊಸ್ತಿಲಿಗೆ ಕಾಲಿಟ್ಟಳು.

"ಹಳೇ ಮೀನು ಕೊನೆಗೆ," ಎಂದಳು ತಂಗಿ, ತಿರುಗದೆಯೇ. "ಅಲ್ಲೇ ನಿಂತಿರು."

ಅದು ತಮಾಷೆಯೋ ಏಟೋ ಎಂದು ತಿಳಿಯಲು ಮೀನಕ್ಕನಿಗೆ ಅವಳ ಮುಖ ಕಾಣುತ್ತಿರಲಿಲ್ಲ. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದಳು.

ತಂಗಿ ಕೋಣೆಯ ನಡುವೆ ಹೋಗಿ ನಿಂತಳು. ಚೀಲ ಇನ್ನೂ ಹೆಗಲಲ್ಲೇ ಇತ್ತು. ಕಿಟಕಿಯ ಹತ್ತಿರ ಹೋದಳು. ಅಲ್ಲಿಂದ ಬಾಗಿಲ ಕಡೆಗೆ, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಹೆಜ್ಜೆ ಎಣಿಸಿದಳು. ಅರ್ಧಕ್ಕೆ ನಿಂತು, ಲೆಕ್ಕ ತಪ್ಪಿತೆಂಬಂತೆ ಮತ್ತೆ ಕಿಟಕಿಗೆ ಹೋಗಿ ಮೊದಲಿನಿಂದ ಶುರುಮಾಡಿದಳು. ಒಲೆ ಭಾರವಿತ್ತು. ಅದರ ಕಬ್ಬಿಣದ ಅಂಚು ಮೀನಕ್ಕನ ಮೊಣಕೈಯೊಳಗೆ ಒತ್ತುತ್ತಿತ್ತು. ಪಕ್ಕದ ಮನೆಯಾಕೆ, ಇಳಿಸು ಮಾರಾಯ್ತಿ, ಕೈ ಬಿದ್ದುಹೋದೀತು ಎಂದಳು. ಮೀನಕ್ಕ ಇಳಿಸಲಿಲ್ಲ. ಒಂದು ಕೈಯಿಂದ ಇನ್ನೊಂದಕ್ಕೆ ಭಾರ ಸರಿಸಿಕೊಂಡು, ಹೊಸ್ತಿಲ ಈಚೆ ನಿಂತು ನೋಡುತ್ತಿದ್ದಳು. ಒಳಗೆ ತಂಗಿ ಇನ್ನೊಂದು ಗೋಡೆಯತ್ತ ನಡೆದಳು.